ಹಿಂಡದ ಯಂತ್ರವೂ ಹಳೆಯ ಬಾಕಿಯೂ

ಕಳೆದ ಯುಗಾದಿಗೆ ನಾಲ್ಕು ದಿನ ಮುಂಚಿನ ಮಾತು. ಹಬ್ಬದ ಮುನ್ನ ಮನೆಯ ಹಾಸಿಗೆ, ಹೊದಿಕೆ, ದುಪ್ಪಟಿಗಳನ್ನೆಲ್ಲ ಒಗೆದು ಮಡಿ ಮಾಡುವುದು ನಮ್ಮ ಕಡೆಯ ರೂಢಿ. ಬೆಳಗಿನ ಕಾಫಿ ಮುಗಿಸಿ ನಾನು ಪತ್ರಿಕೆ ಹಿಡಿದು ಕುಳಿತಿದ್ದಾಗ ಹಿತ್ತಲಿನ ಕಡೆಯಿಂದ ನನ್ನ ಹೆಂಡತಿಯ ಧ್ವನಿ ಕೇಳಿಸಿತು: "ಇಲ್ಲಿ ಬಂದು ನೋಡೀಂದ್ರೆ, ಮಿಷಿನ್ನು ಒಗೀತು, ಹಿಂಡ್ತಾ ಇಲ್ಲ." ಹೋಗಿ ನೋಡಿದೆ. ನಮ್ಮದು ಎರಡು ತೊಟ್ಟಿಯ ಯಂತ್ರ. ಎಡಗಡೆಯ ತೊಟ್ಟಿಯಲ್ಲಿ ಬಟ್ಟೆ ಒಗೆಯಬೇಕು, ಬಲಗಡೆಯ ಸಣ್ಣ ಬುಟ್ಟಿಗೆ ಹಾಕಿ ಹಿಂಡಬೇಕು. ಆ ಬುಟ್ಟಿಯನ್ನು ಎಲ್ಲರೂ ಡ್ರೈಯರ್ ಎನ್ನುತ್ತಾರೆ. ವಾಸ್ತವವಾಗಿ ಅದು ಒಣಗಿಸುವುದಿಲ್ಲ, ಹಿಂಡುತ್ತದೆ ಅಷ್ಟೆ. ಮುಚ್ಚಳ ಹಾಕಿ ಗುಂಡಿ ತಿರುಗಿಸಿದರೆ ಒಳಗಿನಿಂದ ಜೇನುಹುಳುವಿನಂತಹ ಗುಂಯ್‌ಗುಡುವಿಕೆ ಮಾತ್ರ. ಬುಟ್ಟಿ ಇದ್ದಲ್ಲೇ ಇತ್ತು.

ನನ್ನ ಹೆಂಡತಿಯ ಬೆರಳ ಗೆಣ್ಣುಗಳು ಊದಿ ಹತ್ತು ವರ್ಷವಾಯಿತು. ನೆನೆದ ದುಪ್ಪಟಿ ಹಿಂಡುವುದಿರಲಿ, ಒಂದು ಪಂಚೆಯನ್ನು ಹಿಂಡಿದರೂ ರಾತ್ರಿಯೆಲ್ಲ ನೋವು. ನಾನು ಎಪ್ಪತ್ತೇಳರ ಮುದುಕ. ಇಬ್ಬರೂ ಸೇರಿ ಒಂದು ದುಪ್ಪಟಿಯ ಎರಡು ತುದಿ ಹಿಡಿದು ತಿರುಚಿದೆವು. ನೀರು ನಮ್ಮ ಕಾಲಿನ ಮೇಲೆ ಸುರಿಯಿತೇ ಹೊರತು ದುಪ್ಪಟಿ ಹಗುರವಾಗಲಿಲ್ಲ. ಆಗ ಹೊಳೆದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಮೂವತ್ತೆರಡು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದೆ. ರಾಜರ ಯುದ್ಧಗಳನ್ನು ಹೇಳಿದೆ, ಒಪ್ಪಂದಗಳನ್ನು ಹೇಳಿದೆ. ಆದರೆ ಇಷ್ಟು ಶತಮಾನಗಳ ಕಾಲ ಈ ನಾಡಿನ ಬಟ್ಟೆಯನ್ನು ಹಿಂಡಿದವರು ಯಾರು ಎಂಬ ಪಾಠವನ್ನು ಎಂದೂ ಹೇಳಲಿಲ್ಲ.

ನಾನು ಹುಟ್ಟಿದ್ದು ಯಳಂದೂರಿನಲ್ಲಿ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು ಅದು. ಅರ್ಧ ಗಂಟೆಯ ಬಸ್ ಪ್ರಯಾಣದ ದೂರದಲ್ಲಿರುವ ಕೊಳ್ಳೇಗಾಲವಾದರೋ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಾಗ ನಾನು ಎಂಟು ವರ್ಷದ ಹುಡುಗ. ಆಡಳಿತ ಎರಡಾಗಿದ್ದರೂ ಬಟ್ಟೆ ಒಗೆಯುವ ಕ್ರಮ ಒಂದೇ ಆಗಿತ್ತು. ಯಳಂದೂರಿನವರಿಗೆ ಸುವರ್ಣಾವತಿ, ಕೊಳ್ಳೇಗಾಲದ ಕಡೆಯ ಹಳ್ಳಿಗಳಿಗೆ ಕಾವೇರಿ ಮತ್ತು ಕೆರೆಗಳು. ಹನೂರಿನ ಕಡೆ ಮಾತ್ರ ನೀರಿಗೆ ಬರ. ಹಳ್ಳದಲ್ಲಿ ಹರಿವಿದ್ದಾಗ ಒಗೆತ, ಇಲ್ಲದಿದ್ದಾಗ ಬಾವಿಯ ನೀರಿನಲ್ಲಿ ಜಾಲಿಸಿದ್ದೇ ಒಗೆತ.

ಒಗೆಯುವ ವಿದ್ಯೆಯನ್ನು ನಾವು ತಿಳಿದಷ್ಟು ಸುಲಭವೆನ್ನಲಾಗದು. ಮಡಿವಾಳರು ಮೊದಲು ಬಟ್ಟೆಗೆ ಗುರುತು ಹಾಕುತ್ತಿದ್ದರು. ಕರಿಗೇರಿನ ಕಾಯಿಯ ರಸದಿಂದ ಹಾಕಿದ ಆ ಗುರುತು ಬಟ್ಟೆ ಹರಿದರೂ ಅಳಿಯುತ್ತಿರಲಿಲ್ಲ. ಅಕ್ಷರ ಬಾರದವರೂ ನೂರು ಮನೆಯ ಬಟ್ಟೆಯನ್ನು ಚುಕ್ಕಿ ಗೆರೆಗಳಿಂದಲೇ ಬೇರ್ಪಡಿಸುತ್ತಿದ್ದರೆಂದರೆ ಅದೂ ಒಂದು ಲಿಪಿಯೇ ಅಲ್ಲವೆ? ಅನಂತರ ಚೌಳು ಮಣ್ಣಿನ ನೀರಿನಲ್ಲಿ ನೆನೆಸುವುದು. ಚೌಳಿನಲ್ಲಿರುವ ಸೋಡದ ಅಂಶವೇ ಕೊಳೆಯ ಜಿಡ್ಡನ್ನು ಬಿಡಿಸುತ್ತಿದ್ದುದು. ಆಮೇಲೆ ಉಬ್ಬೆ, ದೊಡ್ಡ ಮಡಕೆಯ ಮೇಲೆ ಬಟ್ಟೆಗಳನ್ನು ಪೇರಿಸಿ ಆವಿಯಲ್ಲಿ ಬೇಯಿಸುವುದು. ಆಮೇಲೆ ಕಲ್ಲಿನ ಮೇಲೆ ಸೆಳೆಯುವುದು, ಹರಿಯುವ ನೀರಿನಲ್ಲಿ ಜಾಲಿಸುವುದು, ಹಿಂಡುವುದು, ನೀಲಿ, ಗಂಜಿ, ಒಣಗು. ಇಷ್ಟರಲ್ಲಿ ಮೈಮುರಿಯುವ ಕೆಲಸ ಯಾವುದೆಂದು ಕೇಳಿದರೆ ಅವರು ಸೆಳೆಯುವುದನ್ನು ಹೇಳುತ್ತಿರಲಿಲ್ಲ, ಹಿಂಡುವುದನ್ನು ಹೇಳುತ್ತಿದ್ದರು. ಸೆಳೆಯುವಾಗ ಬಟ್ಟೆಯ ಭಾರವೇ ಅರ್ಧ ಕೆಲಸ ಮಾಡುತ್ತದೆ. ಹಿಂಡುವಾಗ ಪೂರ್ತಿ ಕೆಲಸ ಮಣಿಕಟ್ಟಿನದು.

ಈ ದುಡಿಮೆಗೆ ಹಣದ ಲೆಕ್ಕವಿರಲಿಲ್ಲ. ಆಯಗಾರರಲ್ಲಿ ಒಬ್ಬರಾಗಿ ಮಡಿವಾಳರಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಸಲ್ಲುತ್ತಿತ್ತು. ಹೆರಿಗೆಯ ಮನೆಯ ಮೈಲಿಗೆ ಬಟ್ಟೆಯಿಂದ ಹಿಡಿದು ಸಾವಿನ ಮನೆಯ ಬಟ್ಟೆಯವರೆಗೆ ಅವರದೇ ಪಾಲು. ದೇವರ ಉತ್ಸವದಲ್ಲಿ ನಡೆಮಡಿ ಹಾಸುವವರೂ ಅವರೇ, ಪಂಜು ಹಿಡಿಯುವವರೂ ಅವರೇ. ಅವರು ಹಾಸಿದ ಬಟ್ಟೆಯ ಮೇಲೆ ದೇವರು ಬರಬಹುದು, ಆದರೆ ಅವರು ನಮ್ಮ ನಡುಮನೆಗೆ ಬರುವಂತಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ನಡುವೆ ಹಿರಿಯ ಸ್ಥಾನ ಪಡೆದಿದ್ದರು ಎಂಬುದನ್ನು ನಾವು ಪಾಠ ಹೇಳುತ್ತಿದ್ದೆವು. ಪಾಠ ಮುಗಿಸಿ ಮನೆಗೆ ಬಂದು, ಮಡಿವಾಳರ ಗಂಟನ್ನು ಹಿತ್ತಲ ಬಾಗಿಲಲ್ಲೇ ಇಳಿಸಿಕೊಳ್ಳುತ್ತಿದ್ದೆವು.

ನಮ್ಮ ಯಳಂದೂರಿನವಳೇ ಆದ ಸಂಚಿ ಹೊನ್ನಮ್ಮನನ್ನು ಇಲ್ಲಿ ನೆನೆಯಬೇಕು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದು, 'ಹದಿಬದೆಯ ಧರ್ಮ'ವನ್ನು ಬರೆದು ಕವಯಿತ್ರಿಯಾದವಳು. ಗೃಹಿಣಿಯ ಕರ್ತವ್ಯವನ್ನು ಹೇಳುವ ಕೃತಿಯದು. ಅದರ ನಡುವೆಯೇ ಹೆಣ್ಣನ್ನು ಹೀಗಳೆಯುವವರನ್ನು ತರಾಟೆಗೆ ತೆಗೆದುಕೊಂಡವಳೂ ಅವಳೇ. ಊಳಿಗದ ಹೆಂಗಸೊಬ್ಬಳ ಹೆಸರು ಉಳಿದದ್ದು ಅವಳು ಬರೆದದ್ದರಿಂದ. ಬರೆಯಲು ಬಾರದೆ ದುಡಿದ ಸಾವಿರಾರು ಹೆಂಗಸರ ಹೆಸರು ಎಲ್ಲಿ ಉಳಿಯಿತು?

ಇನ್ನು ಯಂತ್ರದ ವಿಚಾರ. ಕೊಳ್ಳೇಗಾಲವು ರೇಷ್ಮೆಯ ಊರು. ಕಚ್ಚಾ ರೇಷ್ಮೆಯ ಎಳೆಯ ಮೇಲೆ ಒಂದು ಬಗೆಯ ಅಂಟು ಇರುತ್ತದೆ. ತೂಕದಲ್ಲಿ ಅದು ಸುಮಾರು ಕಾಲು ಭಾಗ. ಸಾಬೂನು, ಸೋಡ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಆ ಅಂಟನ್ನು ತೆಗೆದ ಮೇಲೆಯೇ ರೇಷ್ಮೆಗೆ ಹೊಳಪು ಬರುವುದು, ಬಣ್ಣ ಹಿಡಿಯುವುದು. ಕುದಿಸಿದ ಲಡಿಯನ್ನು ಕೈಯಲ್ಲಿ ಬಲವಾಗಿ ತಿರುಚಿದರೆ ಎಳೆ ಕೆಡುತ್ತದೆ. ಅದಕ್ಕಾಗಿ ಬಣ್ಣದ ಮನೆಗಳಲ್ಲಿ ತೂತುಗಳಿರುವ ಲೋಹದ ಬುಟ್ಟಿಯೊಂದನ್ನು ಗಿರ‍್ರನೆ ತಿರುಗಿಸಿ ನೀರು ತೆಗೆಯುವ ಯಂತ್ರವಿರುತ್ತದೆ. ಹೈಡ್ರೋ ಎಕ್ಸ್‌ಟ್ರ್ಯಾಕ್ಟರ್ ಎಂದು ಅದರ ಹೆಸರು. ಕೊಳ್ಳೇಗಾಲಕ್ಕೆ ವರ್ಗವಾಗಿ ಬಂದ 1986ರಲ್ಲಿ ನಾನು ಅದನ್ನು ಮೊದಲು ಕಂಡೆ. ಇಂದು ನಮ್ಮ ಮನೆಯ ಹಿತ್ತಲಲ್ಲಿರುವ ಡ್ರೈಯರ್ ಆ ಯಂತ್ರದ ಮರಿ.

ಅದರ ತತ್ತ್ವ ಬಹಳ ಸರಳ. ತಿರುಗುವ ಬುಟ್ಟಿಯ ಗೋಡೆ ಬಟ್ಟೆಯನ್ನು ತಡೆದು ಸುತ್ತಿಸುತ್ತದೆ. ತೂತಿನ ಎದುರಿಗಿರುವ ನೀರನ್ನು ತಡೆಯುವವರಿಲ್ಲ, ಅದು ಹೊರಗೆ ಹಾರಿಹೋಗುತ್ತದೆ. ಹನ್ನೆರಡು ಸೆಂಟಿಮೀಟರ್ ತ್ರಿಜ್ಯದ ಬುಟ್ಟಿಯು ನಿಮಿಷಕ್ಕೆ 1300 ಸುತ್ತು ತಿರುಗಿದರೆ, ಗೋಡೆಯ ಬಳಿಯ ನೀರಿನ ಮೇಲೆ ಬೀಳುವ ಒತ್ತಡ ಅದರ ಸ್ವಂತ ತೂಕದ ಸುಮಾರು 220 ಪಟ್ಟು. ವೇಗ ಅರ್ಧವಾದರೆ ಈ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಯಂತ್ರ ತಿರುಗುತ್ತಿದ್ದರೂ ಬಟ್ಟೆ ಒದ್ದೆಯಾಗಿಯೇ ಬಂದರೆ ವೇಗ ಸಾಲದೆಂದು ತಿಳಿಯಬೇಕು.

ಮನೆಬಳಕೆಯ ಯಂತ್ರಗಳಲ್ಲಿ ಒಗೆಯುವ ಭಾಗ ಮೊದಲು ಬಂದಿತು, ಹಿಂಡುವ ಭಾಗ ತಡವಾಗಿ ಬಂದಿತು. ಅಮೆರಿಕದ ಆಲ್ವಾ ಫಿಷರ್ 1910ರಲ್ಲಿ ವಿದ್ಯುತ್ ಒಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದನು; ಆತನೇ ಮೊದಲಿಗನೆಂದು ಹೇಳುವ ರೂಢಿಯಿದ್ದರೂ ಅದಕ್ಕಿಂತ ಮುಂಚೆಯೂ ಅಂತಹ ಯಂತ್ರಗಳಿದ್ದವು. ಬಹುಕಾಲ ಹಿಂಡುವುದಕ್ಕೆ ಇದ್ದದ್ದು ಕಬ್ಬಿನ ಗಾಣದಂತಹ ಎರಡು ಉರುಳೆಗಳು. ಅವುಗಳ ನಡುವೆ ಬಟ್ಟೆಯನ್ನು ತೂರಿಸಬೇಕಾಗಿತ್ತು, ಎಚ್ಚರ ತಪ್ಪಿದರೆ ಬೆರಳೂ ತೂರುತ್ತಿತ್ತು. 1937ರಲ್ಲಿ ಬೆಂಡಿಕ್ಸ್ ಕಂಪನಿಯವರು ತಾನೇ ಒಗೆದು ತಾನೇ ತಿರುಗಿ ಹಿಂಡುವ ಯಂತ್ರವನ್ನು ಜನರ ಮುಂದಿಟ್ಟರು. ಹಿಂಡುವಾಗ ಅದು ಎಷ್ಟು ಕುಣಿಯುತ್ತಿತ್ತೆಂದರೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ಜಪಾನಿನಲ್ಲಿ 1953ರಲ್ಲಿ ಸ್ಯಾನ್ಯೋ ಕಂಪನಿಯು ನೀರನ್ನು ಸುಳಿಯಾಗಿ ತಿರುಗಿಸುವ ಅಗ್ಗದ ಯಂತ್ರವನ್ನು ತಂದಿತು. ಆ ದಶಕದಲ್ಲಿ ಟೆಲಿವಿಷನ್, ರೆಫ್ರಿಜರೇಟರ್, ಒಗೆಯುವ ಯಂತ್ರ ಈ ಮೂರನ್ನು ಅಲ್ಲಿಯ ಜನ ಮೂರು ದಿವ್ಯ ನಿಧಿಗಳೆಂದು ಕರೆಯುತ್ತಿದ್ದರಂತೆ.

ನಮ್ಮ ದೇಶದ ಮಧ್ಯಮವರ್ಗದ ಮನೆಗಳಿಗೆ ಇದು ತಲುಪಿದ್ದು 1980ರ ದಶಕದ ಕೊನೆಯಲ್ಲಿ. ದೂರದರ್ಶನದಲ್ಲಿ ರಾಮಾಯಣ ಮುಗಿದು ಮಹಾಭಾರತ ಬರುತ್ತಿದ್ದ ಕಾಲ. ಧಾರಾವಾಹಿಯ ನಡುವಿನ ಜಾಹೀರಾತುಗಳಲ್ಲಿ ಈ ಯಂತ್ರವನ್ನು ಕಂಡು, ಇದು ಬೊಂಬಾಯಿಯವರಿಗೆ ಇರಬಹುದು, ನಮಗಲ್ಲ ಎಂದುಕೊಂಡಿದ್ದೆವು. 1994ರಲ್ಲಿ ನನಗೆ ಬರಬೇಕಾಗಿದ್ದ ವೇತನದ ಬಾಕಿ ಒಟ್ಟಿಗೆ ಕೈಗೆ ಬಂದಿತು. ಆಗಿನ್ನೂ ನಮ್ಮ ತಾಯಿ ಇದ್ದರು, ಮಕ್ಕಳಿಬ್ಬರು ಓದುತ್ತಿದ್ದರು, ಮನೆಯಲ್ಲಿ ಬಟ್ಟೆಯ ರಾಶಿ. ಮೈಸೂರಿನಿಂದ ವ್ಯಾನಿನಲ್ಲಿ ಯಂತ್ರ ತರಿಸಿದೆ. ನಮ್ಮ ಬೀದಿಗೆ ಅದೇ ಮೊದಲನೆಯದು. ಅಕ್ಕಪಕ್ಕದವರೆಲ್ಲ ಬಂದು ಅದರ ಸುತ್ತ ಕುಳಿತು, ದೇವರ ಉತ್ಸವ ನೋಡಿದಂತೆ ನೋಡಿದರು.

ಆ ಯಂತ್ರ ಬೇಸಿಗೆಯ ಸಂಜೆಗಳಲ್ಲಿ ಹಿಂಡುತ್ತಿರಲಿಲ್ಲ. ಕೆಟ್ಟಿತೆಂದು ನಾವು ಕಂಗಾಲಾದೆವು. ಮಾರನೆಯ ಬೆಳಿಗ್ಗೆ ತಾನಾಗಿ ತಿರುಗುತ್ತಿತ್ತು. ಕಾರಣವನ್ನು ತಿಳಿಯಲು ಬಹಳ ದಿನ ಬೇಕಾಯಿತು. ಸುತ್ತಲ ಜಮೀನುಗಳಲ್ಲಿ ಪಂಪ್‌ಸೆಟ್ಟುಗಳು ಓಡುವಾಗ ದೀಪಗಳು ಮಂಕಾಗುತ್ತಿದ್ದವು. ಇಂತಹ ಮೋಟಾರಿನ ತಿರುಚುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 160 ಇದ್ದರೆ ಬಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ನೀರು ಕುಡಿದ ಬಟ್ಟೆಯ ಬುಟ್ಟಿಯನ್ನು ಅದು ಎಬ್ಬಿಸುವುದಾದರೂ ಹೇಗೆ? ಇದರಲ್ಲೊಂದು ಚಾರಿತ್ರಿಕ ವ್ಯಂಗ್ಯವೂ ಇದೆ. ನಮ್ಮ ಪಕ್ಕದಲ್ಲೇ ಇರುವ ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ, 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನದಿಯ ಈಚೆ ದಡದ ಕೊಳ್ಳೇಗಾಲ ಬೇರೆ ಸರ್ಕಾರದ ಸೀಮೆ. ಜಲಪಾತದ ಸದ್ದು ಕೇಳಿಸುವಷ್ಟು ಹತ್ತಿರದ ಹಳ್ಳಿಗಳ ಹೆಂಗಸರು ಅದೇ ನೀರಿನಲ್ಲಿ, ಚಿಮಣಿ ದೀಪದ ಕಾಲ ಮುಗಿಯುವವರೆಗೂ, ಕೈಯಿಂದಲೇ ಬಟ್ಟೆ ಹಿಂಡುತ್ತಿದ್ದರು.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಯಂತ್ರ ಬರುವುದಕ್ಕೆ ಮುಂಚೆ ಎಂಟು ವರ್ಷ ನಮ್ಮ ಮನೆಯ ಬಟ್ಟೆ ಒಗೆದದ್ದು ಒಬ್ಬ ಹೆಂಗಸು. ನಾವೆಲ್ಲ ಆಕೆಯನ್ನು ಮಡಿವಾಳಮ್ಮ ಎಂದೇ ಕರೆಯುತ್ತಿದ್ದೆವು. ಆಯದ ಕಾಲ ಹೋಗಿ ತಿಂಗಳ ಸಂಬಳದ ಕಾಲ ಬಂದಿತ್ತು. ಗಂಡ ತೀರಿಕೊಂಡಿದ್ದನು. ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದನು. ಯಂತ್ರ ಬಂದ ದಿನ ಆಕೆ ಮಗನನ್ನು ಕರೆದುಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದಳು. ಜನರ ಗುಂಪಿನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಮೇಷ್ಟ್ರೆ, ಇದು ದುಪ್ಪಟಿನೂ ಹಿಂಡ್ತದಾ?" ಎಂದು ಕೇಳಿದಳು. "ದುಪ್ಪಟಿ ಏನು, ಜಮಖಾನಾನೂ ಹಿಂಡುತ್ತೆ" ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅದು ಸುಳ್ಳು, ಜಮಖಾನ ಆ ಬುಟ್ಟಿಯಲ್ಲಿ ಹಿಡಿಸುವುದೇ ಇಲ್ಲ. ಆಕೆ ನಕ್ಕು ಹೊರಟುಹೋದಳು. ಮತ್ತೆ ಬರಲಿಲ್ಲ. ನಾವೂ ಹೇಳಿಕಳುಹಿಸಲಿಲ್ಲ. ಯಂತ್ರ ನೋಡಿ ಬೆರಗಾಗಿ ಕೇಳಿದ ಹಳ್ಳಿಯ ಹೆಂಗಸಿನ ಮುಗ್ಧ ಪ್ರಶ್ನೆಯೆಂದು ಈ ಪ್ರಸಂಗವನ್ನು ನಾನು ಎಷ್ಟೋ ಸಲ ಸ್ನೇಹಿತರಿಗೆ ಹೇಳಿ ನಗಿಸಿದ್ದೇನೆ.

ಯುಗಾದಿಯ ಮುನ್ನ ಯಂತ್ರ ನಿಂತಾಗ ರಿಪೇರಿಗೆ ಬಂದವನು ಆಕೆಯ ಆ ಮಗನೇ. ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ. ಮಾಡಿಕೊಂಡು, ಈಗ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಓಡಾಡಿ ಈ ಯಂತ್ರಗಳನ್ನು ಸರಿಮಾಡುತ್ತಾನೆ. ವಯಸ್ಸು ನಲವತ್ತೈದು ದಾಟಿದೆ. ನನ್ನನ್ನು ಕಂಡಕೂಡಲೇ ಹುಡುಗನಂತೆ ಕೈಕಟ್ಟಿ ನಿಂತನು.

ಅವನು ಪರೀಕ್ಷಿಸಿದ ಕ್ರಮ ನನಗೆ ಬಹಳ ಹಿಡಿಸಿತು. ಓದುಗ ಮಿತ್ರರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮೊದಲು ಪ್ಲಗ್ ಕಿತ್ತನು. ಬುಟ್ಟಿಯೊಳಗಿನ ಬಟ್ಟೆ ತೆಗೆದು, ಒಂದೇ ಕಡೆ ಭಾರ ಬಿದ್ದಿದೆಯೇ ಎಂದು ನೋಡಿದನು. ಒಂದು ದಪ್ಪ ದುಪ್ಪಟಿ ಒಂದೇ ಪಕ್ಕಕ್ಕೆ ಕೂತರೆ ಬುಟ್ಟಿ ಗೋಡೆಗೆ ಬಡಿದು ನಿಲ್ಲುತ್ತದೆ. ಎರಡನೆಯದಾಗಿ, ಬುಟ್ಟಿಯ ಕೆಳಗೆ ನೀರು ನಿಂತಿದೆಯೇ, ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಿದನು. ಮೂರನೆಯದಾಗಿ, ಬುಟ್ಟಿಗೂ ತೊಟ್ಟಿಗೂ ನಡುವಿನ ಸಂದಿಯಲ್ಲಿ ಕರ್ಚೀಫು, ಕಾಲುಚೀಲ ಇಳಿದಿದೆಯೇ ಎಂದು ಬ್ಯಾಟರಿ ಬಿಟ್ಟು ನೋಡಿದನು. ನಾಲ್ಕನೆಯದು ಬ್ರೇಕ್. ಮುಚ್ಚಳ ತೆಗೆದಾಗ ಬುಟ್ಟಿ ತಟ್ಟನೆ ನಿಲ್ಲಲೆಂದು ಕೆಳಗೆ ಒಂದು ಬ್ರೇಕಿರುತ್ತದೆ. ಮುಚ್ಚಳ ಹಾಕಿದಾಗ ತಂತಿಯೊಂದು ಅದನ್ನು ಎಳೆದು ಸಡಿಲಿಸುತ್ತದೆ. ತಂತಿ ಜಗ್ಗಿದ್ದರೆ ಬ್ರೇಕು ಬಿಡುವುದೇ ಇಲ್ಲ. ಅವನು ಮುಚ್ಚಳದ ಬಳಿಯ ಸನ್ನೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬುಟ್ಟಿಯನ್ನು ತಿರುಗಿಸಿದನು. ಸಲೀಸಾಗಿ ತಿರುಗಿತು. ಆದ್ದರಿಂದ ಬ್ರೇಕಿನ ದೋಷವಲ್ಲ, ತಳದ ಬೇರಿಂಗ್ ಕೂಡ ಹಿಡಿದುಕೊಂಡಿಲ್ಲ. ಐದನೆಯದು ಮುಚ್ಚಳದ ಸ್ವಿಚ್ಚು. ಅದು ಕೆಟ್ಟಿದ್ದರೆ ಯಾವ ಸದ್ದೂ ಬರುತ್ತಿರಲಿಲ್ಲ. ಗುಂಯ್ ಎನ್ನುತ್ತಿದೆಯೆಂದರೆ ಮೋಟಾರಿಗೆ ವಿದ್ಯುತ್ತು ತಲುಪುತ್ತಿದೆ ಎಂದರ್ಥ. ಬುಟ್ಟಿ ಸಡಿಲವಾಗಿದೆ, ವಿದ್ಯುತ್ತು ಬರುತ್ತಿದೆ, ಮೀಟರಿನಲ್ಲಿ ವೋಲ್ಟೇಜೂ ಸರಿಯಾಗಿದೆ. ಹಾಗಿದ್ದೂ ಹೊರಡುತ್ತಿಲ್ಲ. "ಕೆಪ್ಯಾಸಿಟರ್ ಹೋಗಿರಬೇಕು ಸಾರ್" ಎಂದನು.

"ಅದೇನು ಮಾಡುತ್ತದಪ್ಪಾ?" ಎಂದು ಕೇಳಿದೆ. ಅವನು ನನ್ನ ತಾಯಿಯವರ ಕಾಲದ ಬೀಸುವ ಕಲ್ಲು ಮೂಲೆಯಲ್ಲಿದ್ದುದನ್ನು ತೋರಿಸಿದನು. "ಆ ಗೂಟ ಹಿಡಿದು ಕಲ್ಲಿನ ನಡುಮಧ್ಯದ ಕಡೆಗೇ ನೇರವಾಗಿ ನೂಕಿ ಎಳೆದರೆ ಕಲ್ಲು ಅಲ್ಲಾಡುತ್ತೆ, ಸುತ್ತಲ್ಲ. ಮನೆ ಕರೆಂಟು ಅಷ್ಟೇ ಸಾರ್, ಹಿಂದಕ್ಕೂ ಮುಂದಕ್ಕೂ ನೂಕುತ್ತೆ. ಪಕ್ಕದಿಂದ ಇನ್ನೊಂದು ಕೈ, ಸ್ವಲ್ಪ ಹೊತ್ತು ಬಿಟ್ಟು ನೂಕಿದರೆ ಸುತ್ತೋಕೆ ಶುರುವಾಗುತ್ತೆ. ಆ ಎರಡನೇ ಕೈನೇ ಕೆಪ್ಯಾಸಿಟರು." ಇಷ್ಟು ವರ್ಷ ಪಾಠ ಹೇಳಿದ ನಾನು ಇದಕ್ಕಿಂತ ಚೆನ್ನಾಗಿ ಯಾವುದನ್ನೂ ವಿವರಿಸಿರಲಾರೆ. ಹಿಂಬದಿಯ ಹಲಗೆ ಬಿಚ್ಚಿ, ಅದರಲ್ಲಿ ಉಳಿದಿರಬಹುದಾದ ವಿದ್ಯುತ್ತನ್ನು ಇಳಿಸಿ, ಮೀಟರಿನಲ್ಲಿ ನೋಡಿ, ತನ್ನ ಚೀಲದಿಂದ ಅದೇ ಅಳತೆಯ ಹೊಸದನ್ನು ಹಾಕಿದನು. ಬುಟ್ಟಿ ಗಿರ‍್ರೆಂದು ತಿರುಗಿತು.

ಇಲ್ಲಿ ಒಂದು ಎಚ್ಚರಿಕೆ. ಪ್ಲಗ್ ಕಿತ್ತು ಬಟ್ಟೆ ಸರಿಮಾಡುವುದು, ಕೊಳವೆ ನೋಡುವುದು, ಸಂದಿಯ ಕಾಲುಚೀಲ ತೆಗೆಯುವುದು ಇಷ್ಟು ಯಾರಾದರೂ ಮಾಡಬಹುದು. ಹಲಗೆ ಬಿಚ್ಚುವ ಕೆಲಸ ಬಲ್ಲವರಿಗೆ ಬಿಡಬೇಕು. ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು. ಗುಂಯ್‌ಗುಡುವ ಬುಟ್ಟಿಯನ್ನು ಕೈಯಿಂದ ನೂಕಿ ಹೊರಡಿಸಲು ಮಾತ್ರ ಯಾರೂ ಹೋಗಬಾರದು. ತಾನೇ ಎಲ್ಲವನ್ನೂ ಮಾಡುವ ಒಂದೇ ತೊಟ್ಟಿಯ ಯಂತ್ರವಿದ್ದವರು ನೀರು ಪೂರ್ತಿ ಹೊರಹೋಗುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಒಳಗೆ ನೀರು ನಿಂತಿರುವವರೆಗೆ ಅವು ಹಿಂಡಲು ಹೊರಡುವುದೇ ಇಲ್ಲ. ಮುಂದುಗಡೆ ಬಾಗಿಲಿರುವ ಯಂತ್ರಗಳಲ್ಲಿ ಬಹುಪಾಲಿಗೆ ಕೆಳಗೊಂದು ಜರಡಿ ಇರುತ್ತದೆ. ನಾಣ್ಯ, ಗುಂಡಿ, ನೂಲು ಅಲ್ಲಿ ಸೇರಿ ದಾರಿ ಕಟ್ಟುತ್ತವೆ.

ಕೈತೊಳೆದು ಕಾಫಿ ಕುಡಿಯುತ್ತ ಅವನೆಂದನು: "ಸಾರ್, ನಾನು ಮೊದಲನೇ ಸಲ ವಾಷಿಂಗ್ ಮಿಷಿನ್ ನೋಡಿದ್ದು ನಿಮ್ಮ ಮನೇಲೇ. ಅವತ್ತು ಅದರ ಹಿಂದುಗಡೆ ಏನಿದೆ ಅಂತ ನೋಡಬೇಕು ಅನ್ನಿಸಿತ್ತು." ಅವನು ನಗುತ್ತಲೇ ಹೇಳಿದ್ದು. ಅವನು ಹೋದ ಮೇಲೆ ನನ್ನ ಮನಸ್ಸು ನಿಲ್ಲಲಿಲ್ಲ. ಕನ್ನಡದ ಅಧ್ಯಾಪಕರು ರಜೆಯಲ್ಲಿದ್ದ ಒಂದು ದಿನ ನಾನು ಅವನ ತರಗತಿಗೆ ಗಾದೆ ವಿಸ್ತರಣೆ ಬರೆಸಿದ್ದೆ. ಅಗಸನ ಬಡಿವಾರವೆಲ್ಲ ಹೆರರ ಬಟ್ಟೆ ಎಂಬ ಗಾದೆ. ಅವನು ಎರಡನೆಯ ಬೆಂಚಿನಲ್ಲಿ ಕುಳಿತು ಬರೆದುಕೊಂಡಿದ್ದನು.

ಮನೆಖರ್ಚಿನ ಲೆಕ್ಕವನ್ನು ಬರೆದಿಡುವುದು ನನ್ನ ಹಳೆಯ ಚಾಳಿ. ಅಟ್ಟದ ಪೆಟ್ಟಿಗೆಯಿಂದ 1994ರ ಪುಸ್ತಕವನ್ನು ತೆಗೆದೆ. 'ಮಡಿವಾಳಿ, 60 ರೂ.' ಎಂದು ತಿಂಗಳು ತಿಂಗಳೂ ಇದೆ, ಎದುರಿಗೆ ಸಂದಾಯವಾದುದರ ಗುರುತಿದೆ. ಯಂತ್ರ ಬಂದ ತಿಂಗಳು, ಅದರ ಹಿಂದಿನ ತಿಂಗಳು ಎರಡರಲ್ಲೂ ಗುರುತಿಲ್ಲ. ಆ ಪುಟದ ತುಂಬ ಯಂತ್ರದ ಬೆಲೆ, ವ್ಯಾನಿನ ಬಾಡಿಗೆ, ಸ್ವಿಚ್ಚು ತಂತಿಗಳ ಖರ್ಚು, ಪೂಜೆಗೆ ತೆಂಗಿನಕಾಯಿ ಎಲ್ಲವೂ ಇವೆ. ಹೆಂಡತಿಯನ್ನು ಕೇಳಿದೆ. "ನೀವು ಕೊಟ್ಟಿರ್ತೀರಿ ಅಂದ್ಕೊಂಡಿದ್ದೆ" ಎಂದಳು. ನಾನು ಅವಳು ಕೊಟ್ಟಿರಬಹುದೆಂದುಕೊಂಡಿದ್ದೆ.

ಆಕೆ ಈಗ ಹನೂರಿನ ಕಡೆ ಮಗಳ ಮನೆಯಲ್ಲಿದ್ದಾಳೆಂದು ತಿಳಿದು, ಹಬ್ಬದ ಮರುದಿನ ಬಸ್ಸು ಹತ್ತಿ ಹೋದೆ. ನಾನು 1974ರಲ್ಲಿ ಮೊದಲು ಕೆಲಸಕ್ಕೆ ಸೇರಿದ ಊರಿನ ದಾರಿಯದು. ಜಗಲಿಯ ಮೇಲೆ ಕುಳಿತಿದ್ದಳು. ಬೆರಳ ಗೆಣ್ಣುಗಳು ನನ್ನ ಹೆಂಡತಿಯವುಗಳಿಗಿಂತ ಹೆಚ್ಚು ಸೊಟ್ಟಗಾಗಿದ್ದವು. ಒಂದು ಲೋಟ ಮಜ್ಜಿಗೆ ಕೊಟ್ಟ ಮೇಲೆ ವಿಷಯ ಹೇಳಿದೆ: ಎರಡು ತಿಂಗಳ ಬಾಕಿ ಉಳಿದುಬಿಟ್ಟಿತ್ತು, ನನಗೆ ಗೊತ್ತೇ ಆಗಲಿಲ್ಲ.

"ನನಗ ನೆಪ್ಪದ ಬುದ್ದಿ" ಎಂದಳು. "ಅವತ್ತು ಕೇಳಾಕೆ ಅಂತ್ಲೇ ಬಂದಿದ್ದು. ಮಗನ ಪರೀಕ್ಷೆ ಫೀಸು ಕಟ್ಬೇಕಿತ್ತು. ಎಲ್ರೂ ಮಿಷಿನ್ನು ನೋಡ್ತಾ ಕುಂತಿದ್ರಿ. ಅಷ್ಟು ಜನದ ಮುಂದ ಕೇಳಾಕೆ ಬಾಯಿ ಬರ್ನಿಲ್ಲ. ಏನೋ ಒಂದು ಕೇಳ್ಬೇಕಲ್ಲ ಅಂತ ದುಪ್ಪಟಿ ಮಾತು ಕೇಳ್ದೆ."

ನಾನು ಸುಮ್ಮನೆ ಕುಳಿತೆ. ಫೀಸಿಗೆ ಏನು ಮಾಡಿದಿರಿ ಎಂದು ಕೇಳಿದೆ. ಕಿವಿಯ ಓಲೆಯನ್ನು ಅಡವಿಟ್ಟಳಂತೆ. ಬಿಡಿಸಿಕೊಂಡಿರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತಂದಿದ್ದ ಹಣವನ್ನು ಮುಂದಿಟ್ಟೆ. ಆಕೆ ಬೇಡವೆನ್ನಲಿಲ್ಲ, ಹೆಚ್ಚಾಯಿತೆಂದೂ ಅನ್ನಲಿಲ್ಲ. ಮೊಮ್ಮಗಳನ್ನು ಕರೆದು ಎಣಿಸಲು ಹೇಳಿದಳು. ಎಣಿಸಿದ ಮೇಲೆ ಸೆರಗಿನ ತುದಿಗೆ ಗಂಟುಹಾಕಿಕೊಂಡು, "ಅಮ್ಮಾರು ಹೆಂಗವ್ರೆ?" ಎಂದು ವಿಚಾರಿಸಿದಳು. ಹೊರಡುವ ಮುನ್ನ ಆಕೆಯ ಹೆಸರನ್ನು ಕೇಳಿ ತಿಳಿದುಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆಕೆಯ ಒಪ್ಪಿಗೆ ಕೇಳಿಲ್ಲ. 1994ರ ಲೆಕ್ಕದ ಪುಸ್ತಕದಲ್ಲಿ ಮಾತ್ರ 'ಮಡಿವಾಳಿ' ಎಂಬ ಪದವನ್ನು ಹೊಡೆದು ಆ ಹೆಸರನ್ನು ಬರೆದು, ಎದುರಿಗೆ ಈ ವರ್ಷದ ತಾರೀಖು ಹಾಕಿದ್ದೇನೆ.

ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಎಂಬ ವಿದ್ವಾಂಸರು 2010ರಲ್ಲಿ ಮಾಡಿದ ಒಂದು ಭಾಷಣ ಪ್ರಸಿದ್ಧವಾಗಿದೆ. ಒಗೆಯುವ ಯಂತ್ರ ತಮ್ಮ ತಾಯಿಗೆ ಬಿಡುವು ಕೊಟ್ಟಿತು, ಆ ಬಿಡುವಿನಲ್ಲಿ ತಾಯಿ ತಮ್ಮನ್ನು ಗ್ರಂಥಾಲಯಕ್ಕೆ ಕರೆದೊಯ್ದರು ಎಂದು ಅವರು ಕೃತಜ್ಞತೆಯಿಂದ ಹೇಳುತ್ತಾರೆ. ಅಮೆರಿಕದ ಚರಿತ್ರಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ಬೇರೆಯದೇ ವಾದವನ್ನು ಮುಂದಿಡುತ್ತಾರೆ. ಯಂತ್ರ ಬಂದ ಮೇಲೆ ಹೊರಗಿನವರು ಮಾಡುತ್ತಿದ್ದ ಒಗೆತವೂ ಗೃಹಿಣಿಯ ಪಾಲಿಗೇ ಬಂದಿತು, ಬಟ್ಟೆಯನ್ನು ಮೊದಲಿಗಿಂತ ಹೆಚ್ಚು ಸಲ ಒಗೆಯುವ ರೂಢಿಯಾಯಿತು ಎಂಬುದು ಅವರ ಮಾತು. ನಮ್ಮ ಮನೆಯಲ್ಲಿ ಎರಡೂ ನಿಜವಾದವು. ಯಂತ್ರವು ನನ್ನ ಹೆಂಡತಿಯ ಕೈಯನ್ನು ಉಳಿಸಿತು, ಅದಕ್ಕೆ ನಾನು ಋಣಿ. ಕಲ್ಲಿನ ಮೇಲೆ ಬಟ್ಟೆ ಸೆಳೆಯುವ ಕಾಲ ಮರಳಿ ಬರಲೆಂದು ಯಾವ ಮಡಿವಾಳರ ಮನೆಯವರೂ ಬಯಸುವುದಿಲ್ಲ, ನಾನೂ ಬಯಸುವುದಿಲ್ಲ. ಆದರೆ ಆ ಕೆಲಸವನ್ನು ಅಷ್ಟು ಕಾಲ ಮಾಡಿದವರನ್ನು ಒಂದು ಮಾತೂ ಹೇಳದೆ ಹಿತ್ತಲ ಬಾಗಿಲಿನಿಂದಲೇ ಕಳುಹಿಸಿದ್ದು ಯಂತ್ರವಲ್ಲ, ನಾನು.

ನಿಮ್ಮ ಮನೆಗಳಲ್ಲೂ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ ಬಿಡುವಾದಾಗ ಒಮ್ಮೆ ತೆಗೆದು ನೋಡಿ. ಯಂತ್ರ ಹಿಂಡದಿದ್ದರೆ ಮೊದಲು ಪ್ಲಗ್ ಕಿತ್ತು, ಬಟ್ಟೆಯನ್ನು ಸಮನಾಗಿ ಹರಡಿ, ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ. ನಮ್ಮ ಮನೆಯದು ಈಗ ಚೆನ್ನಾಗಿ ಹಿಂಡುತ್ತಿದೆ. ದುಪ್ಪಟಿಗಳನ್ನು ಮಾತ್ರ ಒಂದೊಂದಾಗಿಯೇ ಹಾಕುತ್ತೇವೆ.